ಸಾವಿರ ಮೀಟರಿನ ಏಕವಚನ

ಎಲ್ಲದಕ್ಕೂ ಕಾರಣ ಅಂಗೈಯಗಲದ ಒಂದು ಹಿತ್ತಾಳೆ ಫಲಕ. ಮುರ್ಮೆಲ್‌ಹೋಫ್ ಹೋಟೆಲಿನ ಮುಂಬಾಗಿಲ ಪಕ್ಕದಲ್ಲಿ, ಕೆಂಪು ಹೂಕುಂಡಗಳ ನಡುವೆ ಅದು ಗೋಡೆಗೆ ಅಂಟಿಕೊಂಡಿತ್ತು. ಅದರ ಮೇಲೆ 'ಸಮುದ್ರಮಟ್ಟದಿಂದ 1004 ಮೀಟರ್' ಎಂದು ಕೊರೆದಿತ್ತು. ಆಲ್ಪ್ಸ್ ಸೀಮೆಯಲ್ಲಿ ಇದು ಬರೀ ಎತ್ತರದ ಲೆಕ್ಕವಲ್ಲ, ವ್ಯಾಕರಣದ ಗಡಿ. ಸಾವಿರ ಮೀಟರ್ ದಾಟಿದ ಮೇಲೆ ಯಾರೂ ಯಾರಿಗೂ 'ನೀವು' ಅನ್ನುವಂತಿಲ್ಲ. ಮಂತ್ರಿಯಿರಲಿ, ಹಾಲು ಕರೆಯುವವನಿರಲಿ, ಎಲ್ಲರೂ 'ನೀನು'. ಬಹುವಚನ ಹೊತ್ತುಕೊಂಡು ಬೆಟ್ಟ ಹತ್ತುವಷ್ಟು ಉಸಿರು ಯಾರಿಗೂ ಇರುವುದಿಲ್ಲ ಎಂಬುದು ಇದರ ಹಿಂದಿನ ತತ್ವವಿರಬೇಕು.

ಒಟ್ಮಾರ್ ಕ್ರೆನ್‌ಗೆ ಆರು ದಿನ ಆ ಫಲಕದಿಂದ ಯಾವ ತೊಂದರೆಯೂ ಆಗಿರಲಿಲ್ಲ. ಜಿಲ್ಲಾ ಭೂಮಾಪನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನಿಗೆ ಐವತ್ತೊಂದು ವರ್ಷ, ಮದುವೆಯಾಗಿರಲಿಲ್ಲ, ನಡೆಯುವಾಗ ನೆಲದ ಅನುಮತಿ ಕೇಳಿಕೊಂಡು ಹೆಜ್ಜೆಯಿಡುವವನ ಹಾಗೆ ಕಾಣುತ್ತಿದ್ದ. ಕಚೇರಿಯಲ್ಲಿ ಹನ್ನೊಂದು ವರ್ಷಗಳಿಂದ ಅವನ ಮೇಜು ಗೋಡೆಗೆ ಮುಖ ಮಾಡಿತ್ತು. ಗೋಡೆಯ ಮೇಲೆ ಬಿಸಿನೀರಿನ ಕೊಳವೆಯೊಂದು ಹಾದುಹೋಗಿತ್ತು. ನೋಡುವುದಕ್ಕೆ ಇದ್ದದ್ದು ಅದೊಂದೇ. ಜಿಲ್ಲೆಯ ಬೆಟ್ಟಗಳೆಲ್ಲ ಅಂಕಿಗಳ ವೇಷದಲ್ಲಿ ಅವನ ಮುಂದೆ ಹಾದುಹೋಗಿದ್ದವು, ಒಂದನ್ನೂ ಅವನು ಕಣ್ಣಾರೆ ಕಂಡಿರಲಿಲ್ಲ. ಈಗ ಕಿಟಕಿಯ ಪಕ್ಕದ ಮೇಜಿನ ಹಿರಿಯಾಕೆ ಮುಂದಿನ ತಿಂಗಳು ನಿವೃತ್ತಿಯಾಗುವವಳಿದ್ದಳು. ಆ ಕಿಟಕಿಯಾಚೆ ಒಂದು ಚೆಸ್ಟ್‌ನಟ್ ಮರವಿತ್ತು. ಒಟ್ಮಾರ್‌ಗೆ ಸಂಬಳ ಹೆಚ್ಚುವುದು ಬೇಕಿರಲಿಲ್ಲ, ಬಡ್ತಿ ಬೇಕಿರಲಿಲ್ಲ. ಆ ಮರ ಬೇಕಿತ್ತು. ಕೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ಆ ಧೈರ್ಯವನ್ನು ಕೂಡಿಸಿಕೊಳ್ಳಲೆಂದೇ ಅವನು ಒಂದು ವಾರ ರಜೆ ಹಾಕಿ ಬೆಟ್ಟಕ್ಕೆ ಬಂದದ್ದು. ಹೋಟೆಲು ಜಾಹೀರಾತಿನ ಚಿತ್ರದಲ್ಲಿದ್ದಷ್ಟು ಚೆನ್ನಾಗಿರಲಿಲ್ಲ. ಕೋಣೆಯ ಬಾಲ್ಕನಿ ಬಾಗಿಲನ್ನು ಮೇಲಕ್ಕೆತ್ತಿ, ಕೆಳಗೆ ಒದ್ದರೆ ಮಾತ್ರ ತೆರೆಯುತ್ತಿತ್ತು. ಬಿಸಿನೀರಿನ ಕೊಳ ಯಾರೋ ಕುಡಿಯಲು ಮರೆತ ಚಹಾದಷ್ಟು ಬಿಸಿಯಿತ್ತು. ಬೆಳಿಗ್ಗೆ ಐದಕ್ಕೆ ಹಸುಗಳು ಕೊರಳ ಗಂಟೆ ಬಾರಿಸುತ್ತ ಕಿಟಕಿಯ ಕೆಳಗೆ ಸಭೆ ಸೇರುತ್ತಿದ್ದವು. ಆದರೂ ಬಾಲ್ಕನಿಯಲ್ಲಿ ಒಂದು ಕಾಲು ಗಿಡ್ಡವಾದ ಆರಾಮಕುರ್ಚಿ ಇತ್ತು, ಅದರ ಎದುರಿಗೆ ಇಡೀ ಕಣಿವೆ ಇತ್ತು. ಒಟ್ಮಾರ್ ಆರು ದಿನ ಎಡಕ್ಕೆ ವಾಲಿಕೊಂಡು ಕಣಿವೆ ನೋಡಿದ, ಪರಮ ಸುಖಿಯಾಗಿದ್ದ.

"ಏನಪ್ಪಾ ಒಟ್ಮಾರ್, ದಿಂಬು ಹೇಗಿತ್ತು?" ಎಂದು ಹೋಟೆಲಿನೊಡತಿ ಸೆಂಟ್ಸಿ ದಿನಾ ಬೆಳಿಗ್ಗೆ ಕೇಳುತ್ತಿದ್ದಳು.

"ಗಟ್ಟಿಯಾಗಿತ್ತು ಸೆಂಟ್ಸಿ."

"ನಮ್ಮಜ್ಜಿ ಕಾಲದ್ದು."

"ಹೌದಾ? ಅಜ್ಜಿ ಇನ್ನೂ ಒಳಗೇ ಇದ್ದಾರೆ ಅನ್ನಿಸ್ತು."

ಹೀಗೆ ಸೆಂಟ್ಸಿಯ ಜೊತೆ, ಪಕ್ಕದ ಮೇಜಿನ ವಿಯೆನ್ನಾದ ವಿಧವೆ ಹೆಡ್ವಿಗ್ ನೊವೊಟ್ನಿಯ ಜೊತೆ, ಟಿರೋಲ್‌ನಿಂದ ಬಂದಿದ್ದ ಮುದಿ ಪರ್ವತ ಮಾರ್ಗದರ್ಶಿ ಕಾಸಿಯಾನ್ ಜೊತೆ ಅವನ ನಾಲಿಗೆಯ ಮೇಲೆ 'ನೀನು' ಸಲೀಸಾಗಿ ಹೊರಳುತ್ತಿತ್ತು. ಏಳನೆಯ ದಿನ ಶನಿವಾರ. ಅಂದು ಬೆಳಿಗ್ಗೆ ಒಟ್ಮಾರ್ ಮೊಟ್ಟೆಯ ನೆತ್ತಿಯನ್ನು ಚಮಚದಿಂದ ಮೆಲ್ಲಗೆ ತಟ್ಟುತ್ತಿದ್ದಾಗ ಊಟದ ಮನೆಯ ಬಾಗಿಲಲ್ಲಿ ಎರಡು ಮೊಣಕಾಲುಗಳು ಕಾಣಿಸಿದವು.

ಅವುಗಳ ಮೇಲೆ ಚರ್ಮದ ಚಡ್ಡಿ. ಅದರ ಮೇಲೆ ಕಸೂತಿಯ ಪಟ್ಟಿ. ಅದರ ಮೇಲೆ ಹೋಫ್‌ರಾಟ್ ಡಾಕ್ಟರ್ ಎಗೊನ್ ವಾಲ್ಡ್‌ಹೆರ್ ಅವರ ಮುಖ.

ಹೋಫ್‌ರಾಟ್ ಎಂದರೆ ಆಸ್ಥಾನ ಸಲಹೆಗಾರ. ಆಸ್ಥಾನ ಹೋಗಿ ನೂರು ವರ್ಷವಾದರೂ ಸಲಹೆಗಾರರು ಉಳಿದುಕೊಂಡಿದ್ದಾರೆ. ಇವರು ಒಟ್ಮಾರ್‌ನ ಕಚೇರಿಯ ಮುಖ್ಯಸ್ಥರು. ಯಾವ ಮೇಜು ಯಾರಿಗೆಂದು ತೀರ್ಮಾನಿಸುವವರೂ ಇವರೇ. ಹನ್ನೊಂದು ವರ್ಷಗಳಲ್ಲಿ ಹೋಫ್‌ರಾಟರಿಗೆ ಮೊಣಕಾಲುಗಳಿರಬಹುದೆಂಬ ಸಂಶಯವೂ ಒಟ್ಮಾರ್‌ಗೆ ಬಂದಿರಲಿಲ್ಲ.

"ಹೋಫ್‌ರಾಟ್ ಸಾಹೇಬರೇ!" ಎಂದು ಅವನು ಚಮಚದ ಸಮೇತ ಎದ್ದು ನಿಂತ.

"ಶ್‌ಶ್!" ಹೋಫ್‌ರಾಟರು ಬೆರಳೆತ್ತಿದರು. "ಫಲಕ ನೋಡಲಿಲ್ವಾ? ಸಾವಿರದ ನಾಲ್ಕು. ಇಲ್ಲಿ ಹೋಫ್‌ರಾಟೂ ಇಲ್ಲ, ಸಾಹೇಬರೂ ಇಲ್ಲ. ನಾನು ಎಗೊನ್. ನಿನ್ನ ಹೆಸರೇನೋ?"

"ಕ್ರೆನ್."

"ಅದು ಗೊತ್ತು. ಅದರ ಹಿಂದಿನದು?"

"ಒ... ಒಟ್ಮಾರ್."

"ಒಟ್ಮಾರ್! ಕೂತ್ಕೊಳ್ಳೋ ಮಾರಾಯ, ಮೊಟ್ಟೆ ತಣ್ಣಗಾಗುತ್ತೆ." ಅವರು ಎದುರಿನ ಕುರ್ಚಿ ಎಳೆದುಕೊಂಡರು. "'ಸಾವಿರ ದಾಟಿದ್ರೆ ನಿಮಗೆ ತಲೆ ಸುತ್ತುತ್ತೆ, ಹೋಗಲೇಬೇಡಿ' ಅಂತ ನನ್ನ ಡಾಕ್ಟರು ಹೇಳಿದ್ದಾನೆ. ನಾಲ್ಕೇ ಮೀಟರ್ ತಾನೆ, ನೋಡೇಬಿಡೋಣ ಅಂತ ನಿನ್ನೆ ರಾತ್ರಿ ಬಂದೆ. ನೋಡು, ತಲೆ ಕಲ್ಲುಗುಂಡಿನ ಹಾಗಿದೆ! ಈ ಡಾಕ್ಟರುಗಳಿಗೆ ಏನು ಗೊತ್ತು, ಹೇಳು?"

ಒಟ್ಮಾರ್ ಹೇಳಲಿಲ್ಲ. ಹೇಳಬೇಕಾದರೆ ಬಾಯಿ ತೆರೆಯಬೇಕು, ತೆರೆದರೆ ಎದುರಿಗಿದ್ದವರನ್ನು ಏನಾದರೊಂದು ಅನ್ನಬೇಕು. 'ನೀನು' ಅನ್ನಲು ನಾಲಿಗೆ ಏಳದು. 'ನೀವು' ಅಂದರೆ ಬೆಟ್ಟದ ನಿಯಮ ಮುರಿದಂತೆ, ಮೇಲಾಗಿ ಸಾಹೇಬರ ಮನಸ್ಸೂ ಮುರಿದಂತೆ. ಸರ್ವನಾಮ ಬಿಟ್ಟರೂ ಪಾರಾಗುವ ಹಾಗಿಲ್ಲ, ಕ್ರಿಯಾಪದದ ಬಾಲವೇ ಗುಟ್ಟು ರಟ್ಟು ಮಾಡುತ್ತದೆ. ಹೀಗಾಗಿ ಅವನು ಕರ್ತೃವೇ ಇಲ್ಲದ ವಾಕ್ಯಗಳನ್ನು ಹೊಸೆಯತೊಡಗಿದ.

"ರಾತ್ರಿ ನಿದ್ದೆ... ಆಗಿರಬಹುದು?"

"ಭರ್ಜರಿ!"

"ಉಪ್ಪಿನ ಅಗತ್ಯ ಉಂಟಾದಲ್ಲಿ, ಅದು ಇಲ್ಲಿದೆ."

"ಕೊಡು."

"ಕಾಫಿಯ ವಿಷಯದಲ್ಲಿ ಯಾವ ಅಭಿಪ್ರಾಯ ತಳೆಯಲಾಗಿದೆಯೋ ತಿಳಿಯಲಿಲ್ಲ."

ಪಕ್ಕದ ಮೇಜಿನಲ್ಲಿ ಹೆಡ್ವಿಗ್ ನೊವೊಟ್ನಿ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನೇ ನಿಲ್ಲಿಸಿದ್ದಳು. ಬೇರೆಯವರ ಮಾತು ಕೇಳಿಸಿಕೊಳ್ಳುವುದರಲ್ಲಿ ಆಕೆಗೆ ನಲವತ್ತು ವರ್ಷಗಳ ಅನುಭವ.

"ಅಲ್ಲ ಕಣೋ ಒಟ್ಮಾರ್, ಯಾಕೋ ಸರ್ಕಾರಿ ಅರ್ಜಿ ಓದಿದ ಹಾಗೆ ಮಾತಾಡ್ತೀಯಾ? ನಿನ್ನೆ ನನಗೆ, 'ಹೆಡಿ, ನೀನು ಕಾಲು ತೆಗಿ, ನನ್ನ ಚಪ್ಪಲಿ ಅಡಿಯಲ್ಲಿದೆ' ಅಂದೆಯಲ್ಲ?"

"ಸಾವಿರ ಮೀಟರಿಗೆಲ್ಲ 'ನೀನು' ಅನ್ನೋದು ಪಟ್ಟಣದವರ ಚಟ," ಎಂದು ಮೂಲೆಯಿಂದ ಕಾಸಿಯಾನ್ ಗೊಣಗಿದ. "ನಮ್ಮ ಕಡೆ ಎರಡು ಸಾವಿರ. ಸಾವಿರದಲ್ಲಿ ಹಸುಗಳು ಮಾತ್ರ ಹಾಗೆ ಕರ್ಕೊಳ್ತವೆ."

"ನಿಯಮ ಅಂದ್ರೆ ನಿಯಮ," ಎಂದರು ಹೋಫ್‌ರಾಟರು. "ಸಾವಿರ ಅಂದ್ರೆ ಸಾವಿರ. ಒಂದು ಸೆಂಟಿಮೀಟರ್ ಹೆಚ್ಚಿದ್ರೆ ನೀನು, ಒಂದು ಸೆಂಟಿಮೀಟರ್ ಕಮ್ಮಿ ಇದ್ರೆ ನೀವು. ನಾನು ಅಳತೆಯವನು ಕಣಯ್ಯಾ."

ಒಟ್ಮಾರ್ ಅರ್ಧ ಮೊಟ್ಟೆಯನ್ನು ಅಲ್ಲೇ ಬಿಟ್ಟು ತಪ್ಪಿಸಿಕೊಂಡ. ತಪ್ಪಿಸಿಕೊಳ್ಳಲು ಅವನು ಆರಿಸಿಕೊಂಡ ಜಾಗ ನೆಲಮಾಳಿಗೆಯ ಉಗಿಸ್ನಾನದ ಕೋಣೆ. ಬಟ್ಟೆ ಬಿಚ್ಚಿಟ್ಟು, ಬಿಸಿ ಹಲಗೆಯ ಮೇಲೆ ಟವಲು ಹಾಸಿ, ಕಣ್ಣು ಮುಚ್ಚಿ ಕೂತ. ಹತ್ತು ನಿಮಿಷ ಕಳೆಯುವುದರೊಳಗೆ ಬಾಗಿಲು ತೆರೆಯಿತು. ಮೊದಲು ಆ ಮೊಣಕಾಲುಗಳು. ಈ ಸಲ ಅವುಗಳ ಮೇಲೆ ಚರ್ಮದ ಚಡ್ಡಿಯೂ ಇರಲಿಲ್ಲ. ಆಸ್ಟ್ರಿಯಾದಲ್ಲಿ ಬಟ್ಟೆ ತೊಟ್ಟು ಉಗಿಕೋಣೆಗೆ ಹೋಗುವುದು ಅಸಭ್ಯತೆ.

"ಆಹಾ, ಒಟ್ಮಾರ್! ಸ್ವಲ್ಪ ಆ ಕಡೆ ಸರ್ಕೋ."

ಇಂಥ ಹೊತ್ತಿನಲ್ಲಿ ಮನುಷ್ಯನ ಬುದ್ಧಿ ವಿಚಿತ್ರವಾಗಿ ಚುರುಕಾಗುತ್ತದೆ. ಇಳಿದು ಬರುವಾಗ ಒಟ್ಮಾರ್ ಅಭ್ಯಾಸಬಲದಿಂದ ಮೆಟ್ಟಿಲು ಎಣಿಸಿದ್ದ. ಮೂವತ್ತನಾಲ್ಕು. ಒಂದೊಂದು ಹದಿನೇಳು ಸೆಂಟಿಮೀಟರ್.

"ಕ್ಷಮಿಸಬೇಕು ಹೋಫ್‌ರಾಟ್ ಸಾಹೇಬರೇ," ಎಂದ ಅವನು. ಬೆಳಿಗ್ಗೆಯಿಂದ ಮೊದಲ ಸಲ ಅವನ ಧ್ವನಿ ನಡುಗಲಿಲ್ಲ. "ಮೂವತ್ತನಾಲ್ಕು ಹದಿನೇಳಲಿ ಐನೂರ ಎಪ್ಪತ್ತೆಂಟು. ತಾವು ಈಗ ಇರುವುದು ಒಂಬೈನೂರ ತೊಂಬತ್ತೆಂಟು ಮೀಟರ್ ಇಪ್ಪತ್ತೆರಡು ಸೆಂಟಿಮೀಟರ್ ಎತ್ತರದಲ್ಲಿ."

ಹೋಫ್‌ರಾಟರು ಒಂದು ಕ್ಷಣ ಬೆವರಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಇಲ್ಲದ ಕೋಟಿನ ಗುಂಡಿ ಹಾಕಿಕೊಂಡವರ ಹಾಗೆ ಎದೆ ಸವರಿಕೊಂಡರು.

"ಸರಿಯಾಗಿ ಹೇಳಿದಿರಿ, ಕ್ರೆನ್ ಅವರೇ. ನಿಮ್ಮ ನಿಖರತೆಯನ್ನು ನಾನು ಮೆಚ್ಚಿದ್ದೇನೆ."

"ತಮ್ಮ ದೊಡ್ಡತನ."

"ಉಗಿ ಸ್ವಲ್ಪ ಹೆಚ್ಚಾಯಿತೆಂದು ನಿಮಗೂ ಅನ್ನಿಸುತ್ತದೆಯೇ?"

"ತಮಗೆ ಅನ್ನಿಸಿದರೆ ನನಗೂ ಅನ್ನಿಸಿದಂತೆಯೇ, ಸಾಹೇಬರೇ."

ಹೀಗೆ ಮೈಮೇಲೆ ನೂಲಿನೆಳೆಯೂ ಇಲ್ಲದ ಇಬ್ಬರು ಗಂಡಸರು ತುಂಬು ಬಹುವಚನ ಉಟ್ಟುಕೊಂಡು ಕಾಲು ಗಂಟೆ ಕೂತರು. ಒಟ್ಮಾರ್‌ಗೆ ಹೋದ ಜೀವ ಬಂದಂತಾಗಿತ್ತು. ಆ ಬಿಸಿಯಲ್ಲಿ ಧೈರ್ಯವೂ ಉಕ್ಕಿ ಬಂತು.

"ಸಾಹೇಬರೇ, ಒಂದು ಅರಿಕೆ. ಆ ಕಿಟಕಿ ಪಕ್ಕದ ಮೇಜು..."

ಹೋಫ್‌ರಾಟರು ಕೈ ಅಡ್ಡ ಹಿಡಿದರು. "ಮೇಜು ಕಚೇರಿಯ ವಿಷಯ. ಎರಡು ಪ್ರತಿಗಳಲ್ಲಿ ಅರ್ಜಿ ಬರಬೇಕು. ಈಗಾಗಲೇ ಮೂರು ಬಂದಿವೆ, ಮೂವರೂ ನಿಮಗಿಂತ ಹಿರಿಯರು. ಹೋಫ್‌ರಾಟ್ ಆಗಿ ನಾನು ಏನೂ ಮಾಡುವಂತಿಲ್ಲ." ಅವರು ಟವಲು ಸುತ್ತಿಕೊಂಡು ಎದ್ದರು. ಬಾಗಿಲಲ್ಲಿ ನಿಂತು ಸೂರಿನ ಕಡೆ ಕಣ್ಣು ಹೊರಳಿಸಿದರು. "ಆದರೆ ಮೇಲೆ ಎಗೊನ್ ಅಂತ ಒಬ್ಬನಿದ್ದಾನೆ. ಒಳ್ಳೆಯ ಮನುಷ್ಯ. ಗೆಳೆಯರು ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನುವ ಪೈಕಿ ಅಲ್ಲ."

ಒಟ್ಮಾರ್‌ಗೆ ತನ್ನ ಪರಿಸ್ಥಿತಿ ಅರ್ಥವಾಯಿತು. ಕೇಳುವ ಬಾಯಿ ಅವನಿಗಿದ್ದದ್ದು ನೆಲಮಾಳಿಗೆಯಲ್ಲಿ. ಕೊಡುವ ಕೈ ಇದ್ದದ್ದು ಮಹಡಿಯಲ್ಲಿ. ನಡುವೆ ಇದ್ದದ್ದು ಒಂದೇ ಒಂದು 'ನೀನು'.

ಮೇಲಿನ ಪಡಸಾಲೆಯಲ್ಲಿ ಹೆಡ್ವಿಗ್ ಅವನನ್ನು ಹಿಡಿದುಹಾಕಿದಳು. ಐದು ನಿಮಿಷದಲ್ಲಿ ವಿಷಯವನ್ನೆಲ್ಲ ಅವನ ಬಾಯಿಂದ ಹಿಂಡಿ ತೆಗೆದು, ಹುಲ್ಲು ತುಂಬಿದ ಬೆಟ್ಟದಳಿಲಿನ ಬೊಂಬೆಯ ಮುಂದೆ ನಿಲ್ಲಿಸಿದಳು. ಅದು ಹೋಟೆಲಿನ ಹೆಸರಿಗೆ ಕಾರಣವಾದ ಪ್ರಾಣಿ, ಮುರ್ಮೆಲ್. ಹಿಂಗಾಲ ಮೇಲೆ ನಿಂತು, ಎರಡು ಹಲ್ಲು ತೋರಿಸುತ್ತ, ಗಾಜಿನ ಕಣ್ಣುಗಳಿಂದ ಬರುವವರನ್ನೆಲ್ಲ ತಾತ್ಸಾರದಿಂದ ನೋಡುತ್ತಿತ್ತು.

"ಇದೇ ನಿನ್ನ ಸಾಹೇಬ ಅಂದ್ಕೋ. ಹೇಳು."

"ಮುಖ ಹಾಗೇ ಇದೆ," ಎಂದ ಒಟ್ಮಾರ್ ಭಯದಿಂದ.

"ಮುಖ ಬಿಡೋ. ಹೇಳು, 'ಎಗೊನ್, ನೀನು'."

"ಎಗೊನ್... ತಾವು."

"ಅಯ್ಯೋ ನಿನ್ನ! ನನ್ನ ಗಂಡ ಮೂವತ್ತೊಂದು ವರ್ಷ ನನಗೆ ನೀನು ಅಂದ, ಒಂದು ದಿನವೂ ಯೋಚನೆ ಮಾಡಿ ಅನ್ನಲಿಲ್ಲ. ಇನ್ನೊಂದ್ಸಲ!"

ಸೆಂಟ್ಸಿ ಬಂದು ಜೆನ್ಶಿಯನ್ ಬೇರಿನ ಸಾರಾಯಿಯನ್ನು ಒಂದು ಪುಟ್ಟ ಲೋಟದಲ್ಲಿ ಕೊಟ್ಟಳು. ಅದರ ರುಚಿ ಮಳೆಯಲ್ಲಿ ನೆನೆದ ಬೇಲಿಗೂಟದ ಹಾಗಿರುತ್ತದೆ, ಆದರೆ ಕೆಲಸ ಮಾಡುತ್ತದೆ. ಮೂರನೆಯ ಲೋಟಕ್ಕೆ ಒಟ್ಮಾರ್ ಬೆಟ್ಟದಳಿಲಿಗೆ 'ನೀನು' ಅಂದ. ನಾಲ್ಕನೆಯದಕ್ಕೆ ಅದರ ಭುಜ ತಟ್ಟಿದ. ಅದರ ಕಿವಿ ಕೈಗೆ ಬಂತು.

"ಹೋಗ್ಲಿ ಬಿಡು, ಅಂಟಿಸ್ತೀನಿ," ಎಂದಳು ಸೆಂಟ್ಸಿ. "ನೀನು ಹೋಗು, ಹೋಗು. ಅವನು ಅಂಗಳದಲ್ಲಿ ಕೂತಿದ್ದಾನೆ, ಕಡುಬು ತಿಂತಿದ್ದಾನೆ. ಹೊಟ್ಟೆ ತುಂಬ್ತಾ ಇರುವಾಗ ಕೇಳಬೇಕು."

ಅಂಗಳದ ಬಿಸಿಲಿನಲ್ಲಿ ಹೋಫ್‌ರಾಟರು ಟೆನಿಸ್ ಚೆಂಡಿನಷ್ಟು ದಪ್ಪದ ಕಡುಬನ್ನು ಸಾರಿನಲ್ಲಿ ಅದ್ದುತ್ತಿದ್ದರು. ಒಟ್ಮಾರ್ ಎದುರಿಗೆ ಕೂತ. ಹಿಂದಿನ ಮೇಜಿನಲ್ಲಿ ಹೆಡ್ವಿಗ್, ಸೆಂಟ್ಸಿ, ಕಾಸಿಯಾನ್ ಮೂವರೂ ಕಣಿವೆ ನೋಡುವವರ ಹಾಗೆ ಕಣಿವೆಗೆ ಬೆನ್ನು ಹಾಕಿ ಕೂತರು.

"ಎಗೊನ್, ನೀ..." ಎಂದು ಒಟ್ಮಾರ್ ಶುರುಮಾಡಿದ.

ಹೋಫ್‌ರಾಟರು ತಲೆಯೆತ್ತಿದರು. ಕಚೇರಿಯ ತಲೆಯೇ ಅದು.

"ನೀ... ನೀ... ನೀರು!"

"ನೀರು ಬೇಕಾ? ಸೆಂಟ್ಸಿ, ಇವನಿಗೆ ನೀರು!"

ನೀರು ಬಂತು. ಒಟ್ಮಾರ್ ಕುಡಿದ.

"ಎಗೊನ್, ನೀ... ನೀಲಿ!"

"ಏನು ನೀಲಿ?"

"ಆಕಾಶ."

"ಹೌದು ಹೌದು," ಎಂದು ಹೋಫ್‌ರಾಟರು ಮೇಲೆ ನೋಡಿ ಒಪ್ಪಿದರು.

"ಎಗೊನ್, ನೀ..."

"ಇನ್ನೊಂದು ಲೋಟ ನೀರು!" ಎಂದು ಅವರೇ ಕೂಗಿದರು.

ಎರಡನೆಯ ಲೋಟ ಖಾಲಿಯಾಗುವಾಗ ಹಿಂದಿನ ಮೇಜಿನಿಂದ ಹೆಡ್ವಿಗ್‌ಳ ಬೂಟು ಬಂದು ಒಟ್ಮಾರ್‌ನ ಕುರ್ಚಿಯ ಕಾಲಿಗೆ ಬಡಿಯಿತು. ಆ ಪೆಟ್ಟಿಗೆ ಹನ್ನೊಂದು ವರ್ಷಗಳ ಬಿರಡೆ ಕಿತ್ತುಹೋಯಿತು.

"ಎಗೊನ್, ನೀನು ನನಗೆ ಕಿಟಕಿ ಪಕ್ಕದ ಮೇಜು ಕೊಡಬೇಕು ಕಣೋ! ನನಗೆ ಮರ ನೋಡ್ಬೇಕು. ಹನ್ನೊಂದು ವರ್ಷದಿಂದ ಕೊಳವೆ ನೋಡ್ತಾ ಇದೀನಿ. ಆ ಕೊಳವೆಗೆ ಎಲೆ ಬಿಡಲ್ಲ ಕಣೋ ಎಗೊನ್!"

ಹಸುವೊಂದು ಗಂಟೆ ಬಾರಿಸುವುದನ್ನೇ ನಿಲ್ಲಿಸಿತು. ಹೋಫ್‌ರಾಟರ ಕಣ್ಣಲ್ಲಿ ನೀರು ತುಂಬಿತು. ಅದು ಸಾರಿನ ಹಬೆಯಿಂದ ಅಲ್ಲ.

"ಒಟ್ಮಾರ್," ಎಂದರು ಅವರು. "ಇಡೀ ಕಚೇರಿಯಲ್ಲಿ ಒಬ್ಬನೂ ನನ್ನ ಹತ್ತಿರ ಹೀಗೆ ಮಾತಾಡಿಲ್ಲ ಕಣೋ. ಮನೇಲೂ ಹೋಫ್‌ರಾಟ್ ಅಂತಾರೆ. ಮೇಜು ನಿನ್ನದು! ಕೊಟ್ಟೆ! ಇವರೆಲ್ಲ ಸಾಕ್ಷಿ!"

ಲೋಟಗಳು ಬಂದವು. ತೋಳಿಗೆ ತೋಳು ಹೆಣೆದು ಇಬ್ಬರೂ ಕುಡಿದರು, 'ನೀನು' ಗೆಳೆತನ ಕಟ್ಟುವ ಪದ್ಧತಿಯಂತೆ ಕೆನ್ನೆಗೆ ಕೆನ್ನೆ ತಾಗಿಸಿದರು. ಹೆಡ್ವಿಗ್ ಮೂಗೊರೆಸಿಕೊಂಡಳು. ಒಟ್ಮಾರ್‌ಗೆ ಕಣಿವೆಯ ಆಚೆಬದಿಯ ಕಾಡೆಲ್ಲ ಒಂದೇ ಚೆಸ್ಟ್‌ನಟ್ ಮರದಂತೆ ಕಂಡಿತು.

ಇಲ್ಲಿಗೇ ಎಲ್ಲರೂ ಸುಮ್ಮನಿದ್ದಿದ್ದರೆ ಕತೆ ಮುಗಿಯುತ್ತಿತ್ತು. ಸುಮ್ಮನಿರುವುದು ಕಾಸಿಯಾನ್‌ಗೆ ಬರುತ್ತಿರಲಿಲ್ಲ.

"ಎಲ್ಲ ಸರಿ," ಎಂದ ಆತ. "ಆದ್ರೂ ಎರಡು ಸಾವಿರದ ಕೆಳಗೆ ಇದಕ್ಕೆಲ್ಲ ಬೆಲೆ ಇಲ್ಲ."

"ಏ ಮುದುಕಾ, ಫಲಕ ಓದಕ್ಕೆ ಬರಲ್ವಾ ನಿನಗೆ?" ಹೋಫ್‌ರಾಟರು ಗೆಳೆತನದ ಹುರುಪಿನಲ್ಲಿ ಗುಡುಗಿದರು.

"ಓದಕ್ಕೆ ಬರುತ್ತೆ. ಆದರೆ ಅದನ್ನ ಹಾಕಿದ್ದು ಸೆಂಟ್ಸಿಯ ಅಜ್ಜ. ಅವನು ಹಿಡಿದ ಮೀನಿನ ಉದ್ದಾನೂ ಹಾಗೇ ಹೇಳ್ತಿದ್ದ."

"ಅದು ನಿಜ," ಎಂದು ಸೆಂಟ್ಸಿ ನಕ್ಕಳು. "ಈ ವಸಂತದಲ್ಲಿ ನಿಮ್ಮ ಆಫೀಸಿಂದಾನೇ ಒಂದು ಕಾಗದ ಬಂದಿತ್ತಲ್ಲ, ಎಲ್ಲ ಹೊಸದಾಗಿ ಅಳೆದಿದ್ದೀವಿ ಅಂತ. ಯಾರು ಹೊಸ ಫಲಕ ಮಾಡಿಸ್ತಾರೆ ಅಂತ ಡ್ರಾಯರಿಗೆ ಹಾಕಿಟ್ಟೆ. ಇರು, ತರ್ತೀನಿ."

"ಬೇಡ!" ಎಂದ ಒಟ್ಮಾರ್. ಯಾಕೆ ಹಾಗಂದನೋ ಅವನಿಗೇ ಗೊತ್ತಾಗಲಿಲ್ಲ. ಬೆನ್ನುಹುರಿಗೆ ಗೊತ್ತಾಗಿತ್ತು.

ಕಾಗದ ಬಂತು, ಬಾಟಲಿ ಬಿರಡೆಗಳ ವಾಸನೆಯ ಜೊತೆ. ಹೋಫ್‌ರಾಟರು ಕನ್ನಡಕ ಹಾಕಿಕೊಂಡು ಓದಿದರು.

"'ನಿವೇಶನ ಸಂಖ್ಯೆ 61/3. ಮುಖ್ಯ ದ್ವಾರದ ಹೊಸ್ತಿಲಿನ ಪರಿಷ್ಕೃತ ಎತ್ತರ, 997.38 ಮೀಟರ್.'" ಅವರ ದನಿ ಒಂದೊಂದು ಪದಕ್ಕೂ ಒಂದೊಂದು ಮೆಟ್ಟಿಲು ಇಳಿಯುತ್ತ ಹೋಯಿತು. "'ಪರಿಶೀಲಿಸಿ ಸಹಿ ಮಾಡಿದವರು, ಒ. ಕ್ರೆನ್.'"

ಆ ವಸಂತದಲ್ಲಿ ಒಟ್ಮಾರ್ ಗೋಡೆಗೆ ಮುಖ ಮಾಡಿಕೊಂಡು ಅಂಥ ಇನ್ನೂರ ಹನ್ನೆರಡು ಕಾಗದಗಳಿಗೆ ಸಹಿ ಹಾಕಿದ್ದ. 61/3 ಎಂಬ ಸಂಖ್ಯೆಗೆ ಕೆಂಪು ಹೂಕುಂಡಗಳೂ, ಗಿಡ್ಡಕಾಲಿನ ಕುರ್ಚಿಯೂ ಇರಬಹುದೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಹೋಫ್‌ರಾಟರು ಕಾಗದ ಮಡಚಿದರು. ಚರ್ಮದ ಚಡ್ಡಿಯ ಪಟ್ಟಿಯನ್ನು ಸರಿಪಡಿಸಿಕೊಂಡರು. ಮೊಣಕಾಲುಗಳು ಮೇಜಿನಡಿ ಮರೆಯಾದವು.

"ಕ್ರೆನ್ ಅವರೇ."

"ಸಾಹೇಬರೇ."

"ಈ ಅಳತೆ ಸರಿಯಿದೆಯೇ?"

ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಒಟ್ಮಾರ್‌ನ ಬದುಕಿನಲ್ಲಿ ಮತ್ತೆ ಬರುವಂತಿರಲಿಲ್ಲ. ಆದರೆ ಅವನು ಅಳತೆಯವನು.

"ಎರಡು ಸೆಂಟಿಮೀಟರ್ ಹೆಚ್ಚುಕಮ್ಮಿ ಇರಬಹುದು, ಅಷ್ಟೆ."

"ಹಾಗಾದರೆ ಈ ಹೋಟೆಲಿನಲ್ಲಿ ಇಂದು ಬೆಳಿಗ್ಗೆಯಿಂದ ನಡೆದದ್ದೆಲ್ಲ ಅನಧಿಕೃತ. ಮೇಜನ್ನು ನಾನು ಯಾರಿಗೆ ಕೊಟ್ಟೆ? 'ನಿನಗೆ' ಕೊಟ್ಟೆ. ಸಾವಿರ ಮೀಟರಿನ ಕೆಳಗೆ ನಮ್ಮಿಬ್ಬರ ನಡುವೆ 'ನೀನು' ಎಂಬ ವ್ಯಕ್ತಿಯೇ ಅಸ್ತಿತ್ವದಲ್ಲಿಲ್ಲ. ನಿಮಗಂತೂ ನಾನು ಕೊಟ್ಟಿಲ್ಲ."

"ಇದೇನು ಅನ್ಯಾಯ!" ಎಂದು ಹೆಡ್ವಿಗ್ ಎದ್ದಳು.

"ಅನ್ಯಾಯವಲ್ಲ ಮೇಡಂ, ನಿಖರತೆ. ಅದೂ ಅವರದ್ದೇ." ಹೋಫ್‌ರಾಟರ ಮುಖದಲ್ಲಿ ನಿಜವಾದ ಮೆಚ್ಚುಗೆಯಿತ್ತು. "ಕ್ರೆನ್ ಅವರೇ, ಗೋಡೆ ನೋಡಿಕೊಂಡು ನೀವು ಇಂಥ ಕೆಲಸ ಮಾಡಿದ್ದೀರಿ. ಎದುರಿಗೆ ಮರವಿದ್ದಿದ್ದರೆ ಆ ದಶಾಂಶಗಳ ಗತಿ ಏನಾಗುತ್ತಿತ್ತೋ ಯಾರು ಬಲ್ಲರು? ಇಂಥವರನ್ನು ಗೋಡೆಯಿಂದ ಕದಲಿಸುವುದು ಇಲಾಖೆಗೇ ನಷ್ಟ."

ಒಟ್ಮಾರ್ ಸುತ್ತ ನೋಡಿದ. ಕಾಸಿಯಾನ್ ತಪ್ಪಿತಸ್ಥನ ಹಾಗೆ ಕೆಮ್ಮಿ, ಹೋಟೆಲಿನ ಹಿಂದಿನ ಇಳಿಜಾರಿನತ್ತ ಗದ್ದವೆತ್ತಿದ. ಅಲ್ಲಿ ಮೇಲೆ ಒಂದು ಹುಲ್ಲಿನ ಕೊಟ್ಟಿಗೆ, ಅದರ ಮುಂದೊಂದು ಬೆಂಚು.

"ಅದು ಸಾವಿರದ ಇಪ್ಪತ್ತಾದರೂ ಇದೆ. ಅಲ್ಲಿಗೆ ಕರ್ಕೊಂಡು ಹೋಗಿ ಇನ್ನೊಂದ್ಸಲ ಕೇಳು," ಎಂದು ಪಿಸುಗುಟ್ಟಿದ.

ಒಟ್ಮಾರ್ ಹೋಫ್‌ರಾಟರತ್ತ ಬಾಗಿದ. "ಸಾಹೇಬರೇ, ಊಟವಾದ ಮೇಲೆ ಆ ಕೊಟ್ಟಿಗೆಯವರೆಗೆ ಒಂದು ಸಣ್ಣ ಸುತ್ತು ಹೋಗಿ ಬಂದರೆ... ಐದೇ ನಿಮಿಷ..."

ಹೋಫ್‌ರಾಟರು ಕೊಟ್ಟಿಗೆಯತ್ತ ನೋಡಿದರು. ಮೇಜಿನ ಅಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡರು.

"ಸಾವಿರದ ಮೇಲಕ್ಕೆ? ನಾನೇ? ನನ್ನ ಡಾಕ್ಟರು ಏನು ಹೇಳಿದ್ದಾರೆಂದು ನಿಮಗೆ ತಿಳಿದಿಲ್ಲವೇ?" ಆಮೇಲೆ ಅವರ ಮುಖದಲ್ಲಿ ಬೆಳಕು ಮೂಡಿತು. "ಅದಕ್ಕೇ! ಬೆಳಿಗ್ಗೆಯಿಂದ ಯೋಚಿಸುತ್ತಲೇ ಇದ್ದೆ, ನನ್ನ ತಲೆ ಯಾಕೆ ಸುತ್ತಲಿಲ್ಲ ಎಂದು."

ಊಟ ಮುಗಿದ ಮೇಲೆ ಒಟ್ಮಾರ್ ಒಬ್ಬನೇ ಮೇಲೆ ಹೋದ. ಹೆಡ್ವಿಗ್ ಅವನ ಜೇಬಿಗೆ ಒಂದು ತುಂಡು ಕೇಕ್ ತುರುಕಿದ್ದಳು. ಹುಲ್ಲಿನ ಕೊಟ್ಟಿಗೆಯ ಮುಂದಿನ ಬೆಂಚು ಬಿಸಿಲಿಗೆ ಬೆಚ್ಚಗಿತ್ತು, ನಾಲ್ಕು ಕಾಲೂ ಸಮನಾಗಿದ್ದವು. ಪಕ್ಕದಲ್ಲಿ ಕಂದು ಬಣ್ಣದ ಹಸುವೊಂದು ಮೆಲುಕು ಹಾಕುತ್ತಿತ್ತು. ಕೆಳಗೆ ಹೋಟೆಲಿನ ಸೂರು, ಅಂಗಳ, ಅಂಗಳದಲ್ಲಿ ಒಂದು ಚುಕ್ಕೆಯಷ್ಟು ಹೋಫ್‌ರಾಟರು. ಅವನು ಬರೀ ಅಂಕಿಗಳಾಗಿ ಬಲ್ಲ ಬೆಟ್ಟಗಳೆಲ್ಲ ಎದುರಿಗೆ ಸಾಲಾಗಿ ನಿಂತಿದ್ದವು, ಒಂದೊಂದೂ ಕಾಗದದಲ್ಲಿದ್ದದ್ದಕ್ಕಿಂತ ಚೆಲುವಾಗಿತ್ತು. ಒಟ್ಮಾರ್ ಅರ್ಧ ಕೇಕನ್ನು ಹಸುವಿಗೆ ಕೊಟ್ಟು, ಇನ್ನರ್ಧವನ್ನು ತಾನು ತಿಂದು ಮುಗಿಸಿದ. ಸುಖವಾಗಿತ್ತು. ಸೋಮವಾರಕ್ಕೆ ಇನ್ನೂ ಒಂದು ಇಡೀ ಭಾನುವಾರ ಬಾಕಿಯಿತ್ತು.

ಆಗ ಅವನಿಗೆ ಹೊಳೆಯಿತು, ತಾನೀಗ ಕೂತಿರುವುದು ನಿಜವಾಗಿ ಸಾವಿರದ ಮೇಲೆ. ಇಲ್ಲಿ ಎಲ್ಲವೂ ಅಧಿಕೃತ. ಅವನು ಎದ್ದು ನಿಂತು, ಎರಡೂ ಕೈಗಳನ್ನು ಬಾಯಿಗೆ ಹಿಡಿದು, ಇಡೀ ಕಣಿವೆಗೆ ಕೇಳಿಸುವಂತೆ ಕೂಗಿದ:

"ಎಗೊನ್, ನೀನೊಂದು ಕತ್ತೆ!"

ಎದುರಿನ ಬೆಟ್ಟ ಒಂದು ಕ್ಷಣ ಯೋಚಿಸಿತು. ಸಾಹೇಬರ ಹೆಸರನ್ನು ಮರ್ಯಾದೆಯಿಂದ ನುಂಗಿಕೊಂಡು, ಉಳಿದದ್ದನ್ನು ಮಾತ್ರ ನಿಯಮದ ಪ್ರಕಾರ ಏಕವಚನದಲ್ಲೇ ಅವನಿಗೆ ಹಿಂದಿರುಗಿಸಿತು:

"...ನೀನೊಂದು ಕತ್ತೆ... ಕತ್ತೆ... ಕತ್ತೆ..."